ಬರಗಾಲದ ಹಿಂಡು

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳು ಬರಗಾಲಕ್ಕೆ ಹೊಸಬವಲ್ಲ. ಅಲ್ಲಿನ ಮ್ಯಾಸನಾಯಕರ ಹಟ್ಟಿಗಳಲ್ಲಿ ದೇವರ ಹೆಸರಿಗೆ ಬಿಟ್ಟ ದನಗಳ ಹಿಂಡುಗಳುಂಟು. ಇವನ್ನು ದೇವರ ಎತ್ತುಗಳೆನ್ನುತ್ತಾರೆ. ಇವುಗಳನ್ನು ಹೊಲದ ದುಡಿಮೆಗೆ ಹೂಡುವ ವಾಡಿಕೆಯಿಲ್ಲ. ಹಿಂಡನ್ನು ಕಾಯುವವನು ಕಿಲಾರಿ. ಬಿಸಿಲು, ಚಳಿಯೆನ್ನದೆ ದನಗಳ ಬೆನ್ನಹಿಂದೆ ಅಲೆಯುವುದೇ ಅವನ ಬದುಕು.

ಮಳೆ ಕೈಕೊಟ್ಟ ವರ್ಷ ಈ ಹಿಂಡಿನಲ್ಲಿ ಒಂದು ವಿಚಿತ್ರ ಕಾಣುತ್ತದೆ. ಹಸುಗಳು ಬದುಕಿರುತ್ತವೆ, ಆದರೆ ಬೆದೆಗೆ ಬರುವುದಿಲ್ಲ. ಇಂತಹ ಹಸುವನ್ನು ಗೊಡ್ಡೆಂದು ಹಳಿಯುವುದುಂಟು. ವಾಸ್ತವವಾಗಿ ಅದು ಗೊಡ್ಡಲ್ಲ, ಹಸಿದಿದೆ, ಅಷ್ಟೆ.

ಹಸುವಿನ ಹೊಟ್ಟೆಯ ಮೊದಲ ಕೋಣೆಯಲ್ಲಿ ಅಸಂಖ್ಯಾತ ಸೂಕ್ಷ್ಮಜೀವಿಗಳು ವಾಸಿಸುತ್ತವೆ. ಮನುಷ್ಯನಿಗೆ ಜೀರ್ಣವಾಗದ ನಾರನ್ನು ಹುದುಗಿಸಿ, ಹಸುವಿಗೆ ಶಕ್ತಿಯನ್ನು ಒದಗಿಸುವವು ಇವೇ. ಆದರೆ ಇವಕ್ಕೂ ಆಹಾರ ಬೇಕು. ಮೇವಿನಲ್ಲಿ ಸಸಾರಜನಕ ನೂರಕ್ಕೆ ಏಳು ಪಾಲಿಗಿಂತ ಕಡಿಮೆಯಾದರೆ ಇವುಗಳ ಕೆಲಸ ಕುಂಠಿತವಾಗುತ್ತದೆ. ಒಣಗಿದ ಹುಲ್ಲಿನಲ್ಲಿ ಇರುವುದು ಮೂರು ನಾಲ್ಕು ಪಾಲು ಮಾತ್ರ. ಆಗ ತಿಂದ ಹುಲ್ಲು ಬೇಗ ಕರಗದು. ಹೊಟ್ಟೆ ತುಂಬಿದಂತಿದ್ದರೂ ದೇಹ ಉಪವಾಸ ಬೀಳುತ್ತದೆ.

ದೊರೆತ ಅಲ್ಪ ಶಕ್ತಿಯನ್ನು ದೇಹವು ಮಿತವ್ಯಯದ ಗೃಹಿಣಿಯಂತೆ ಹಂಚುತ್ತದೆ. ಉಸಿರಾಟ, ರಕ್ತಪರಿಚಲನೆಗೆ ಮೊದಲ ಪಾಲು. ಕರು ಹಾಕಿದ ಹಸುವಾದರೆ ಹಾಲಿಗೂ ಪಾಲು ಸಲ್ಲಬೇಕು. ಮುಂದಿನ ಗರ್ಭದ ಸರದಿ ಕಟ್ಟಕಡೆಯದು. ರಕ್ತದಲ್ಲಿ ಸಕ್ಕರೆ ಮತ್ತು ಇನ್ಸುಲಿನ್ ಇಳಿದ ಸುದ್ದಿ ಮಿದುಳಿಗೆ ಮುಟ್ಟುತ್ತದೆ. ಪಿಟ್ಯುಟರಿ ಗ್ರಂಥಿಯು ಅಂಡಾಶಯಕ್ಕೆ ಕಳುಹಿಸುವ ಹಾರ್ಮೋನು ತಗ್ಗುತ್ತದೆ. ಇಪ್ಪತ್ತೊಂದು ದಿನಗಳಿಗೊಮ್ಮೆ ಬರಬೇಕಾದ ಬೆದೆ ನಿಂತುಹೋಗುತ್ತದೆ. ರಂಜಕ ಸಾಲದ ಮೇವೂ ಇದಕ್ಕೆ ಕೂಡಿಕೊಳ್ಳುತ್ತದೆ. ಬಯಲಿನಲ್ಲಿ ಬಿದ್ದ ಮೂಳೆಯನ್ನು ಹಸು ಕಡಿಯುತ್ತಿದ್ದರೆ ಅದು ಹುಚ್ಚಲ್ಲ, ರಂಜಕದ ಹಸಿವು.

ಹೋರಿಯ ಪಾಡೂ ಇದೇ. ಅದರ ವೀರ್ಯಾಣುಗಳು ರೂಪುಗೊಳ್ಳಲು ಸುಮಾರು ಎರಡು ತಿಂಗಳು ಬೇಕು. ಆದುದರಿಂದ ಬೆದೆಯ ಕಾಲ ಬಂದಮೇಲೆ ಅವಸರದಿಂದ ತಿನ್ನಿಸಿದರೆ ಪ್ರಯೋಜನವಿಲ್ಲ. ಹಾಗೆಂದು ಮಿತಿಮೀರಿ ಕೊಬ್ಬಿಸಿದ ಹೋರಿಯೂ ಕೆಲಸಕ್ಕೆ ಬಾರದು.

ಬರದಲ್ಲಿ ತೆರೆಯುವ ಗೋಶಾಲೆಗಳ ಒಣಹುಲ್ಲು ಪ್ರಾಣವನ್ನು ಉಳಿಸುತ್ತದೆ, ಅದು ದೊಡ್ಡ ಉಪಕಾರವೇ ಸರಿ. ಆದರೆ ಹಿಂಡು ಬೆಳೆಯಲು ಅಷ್ಟು ಸಾಲದು. ಚಳ್ಳಕೆರೆ ಎಣ್ಣೆ ಗಿರಣಿಗಳಿಗೆ ಹೆಸರಾದ ಊರು. ಅಲ್ಲಿನ ಶೇಂಗಾ ಹಿಂಡಿಯಲ್ಲಿ ಸಸಾರಜನಕ ನೂರಕ್ಕೆ ನಲವತ್ತು ಪಾಲಿನಷ್ಟು. ಒಣಮೇವಿನೊಡನೆ ಸ್ವಲ್ಪ ಹಿಂಡಿಯೂ ಖನಿಜ ಮಿಶ್ರಣವೂ ಸೇರಿದರೆ ಹೊಟ್ಟೆಯ ಸೂಕ್ಷ್ಮಜೀವಿಗಳು ಚೇತರಿಸಿಕೊಂಡು, ಅದೇ ಹುಲ್ಲಿನಿಂದ ಹೆಚ್ಚು ಸತ್ವವನ್ನು ಹೊರತೆಗೆಯುತ್ತವೆ. ಹಿಂಡಿಗೆ ಬೂಷ್ಟು ಹಿಡಿದಿರಬಾರದು. ಅದರ ವಿಷ ಯಕೃತ್ತನ್ನು ಕೆಡಿಸುತ್ತದೆ.

ಹಿಂಡಿಗೆ ಹಣ ಬೇಕು. ಮಾರಾಟಕ್ಕಲ್ಲದ ದನಗಳಿಂದ ಹಣ ಹುಟ್ಟುವುದೆಲ್ಲಿಂದ? ಈ ದನಗಳು ನೆಚ್ಚಿದ್ದು ಬಯಲಿನ ಹಸಿರನ್ನು. ಚಳ್ಳಕೆರೆ ಸೀಮೆಯ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ನೆಲ ಇತ್ತೀಚಿನ ದಶಕಗಳಲ್ಲಿ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಸಂದು, ಮೇಯುವ ನೆಲ ಕುಗ್ಗಿದೆ.

ಹಸುವಿನ ಗರ್ಭ ಸುಮಾರು ಒಂಬತ್ತು ತಿಂಗಳು ಒಂಬತ್ತು ದಿನದ್ದು. ಆದಕಾರಣ ಬರದ ನಷ್ಟ ಬರದ ವರ್ಷದಲ್ಲೇ ಪೂರ್ತಿಯಾಗಿ ಕಾಣದು. ಮುಂದಿನ ವರ್ಷ ಮಳೆ ಸುರಿದು ಬಯಲು ಹಸಿರಾದಾಗ, ಕಿಲಾರಿಯು ಹೊಡೆದುಕೊಂಡು ಹೋಗುವ ಹಿಂಡಿನಲ್ಲಿ ಕರುಗಳೇ ಇರುವುದಿಲ್ಲ.