ತೀರ್ಪಿನ ದಿನದಿಂದ ಹಿಂದಕ್ಕೆ ಎಣಿಸಿ: ಫಲಪುಷ್ಪ ಸ್ಪರ್ಧೆಗೆ ಹೋಗುವವರಿಗೊಂದು ಪಾಠ

ಕಳೆದ ವರ್ಷ ನಮ್ಮ ಕನ್ನಡ ಸಂಘದ ಆರು ಜನ ಸೇರಿ ಊರಿನ ಒಂದು ಪುಟ್ಟ ಫಲಪುಷ್ಪ ಪ್ರದರ್ಶನದ ಸ್ಪರ್ಧೆಗೆ ಹೆಸರು ಕೊಟ್ವಿ. ಅಲ್ಲಿ ಹೂವು, ತಿಂಡಿ, ಕರಕುಶಲ ಅಂತ ಮೂರು ಮೇಜು ಇದ್ವು. ನಾವು ಮೂರಕ್ಕೂ ಕೈ ಹಾಕಿದ್ವಿ, ಮೂರರಲ್ಲೂ ಸೋತ್ವಿ. ಯಾಕೆ ಸೋತ್ವಿ ಅಂತ ಆಮೇಲೆ ಕೂತು ಬರೆದುಕೊಂಡ ನೋಟ್ಸೇ ಈ ಲೇಖನ. ಈ ಸಲ ಯಾರಾದ್ರೂ ಹೋಗೋರಿದ್ರೆ ಉಪಯೋಗಕ್ಕೆ ಬರಲಿ.

ಮೊದಲು ಹಿನ್ನೆಲೆ

ನಮ್ಮ ರಾಜ್ಯದಲ್ಲಿ ಇಂಥ ಪ್ರದರ್ಶನಗಳಿಗೆಲ್ಲ ದೊಡ್ಡಣ್ಣ ಅಂದ್ರೆ ಬೆಂಗಳೂರಿನ ಲಾಲ್‌ಬಾಗ್. ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯ ದಿನದ ಹೊತ್ತಿಗೆ, ವರ್ಷಕ್ಕೆ ಎರಡು ಸಲ ಅಲ್ಲಿನ ಗಾಜಿನಮನೆಯಲ್ಲಿ ಹೂ ತುಂಬುತ್ತೆ. ಆ ಗಾಜಿನಮನೆಗೆ ಅಡಿಗಲ್ಲು ಹಾಕಿದ್ದು 1889ರಲ್ಲಿ. ತೋಟಗಾರಿಕೆ ಇಲಾಖೆಯ ಜೊತೆ ಪ್ರದರ್ಶನ ನಡೆಸೋ ಮೈಸೂರು ಉದ್ಯಾನಕಲಾ ಸಂಘ ಶುರುವಾಗಿದ್ದು ಜರ್ಮನಿಯಿಂದ ಬಂದ ಕ್ರುಂಬಿಗಲ್ ಅವರ ಕಾಲದಲ್ಲಿ, 1912ರಲ್ಲಿ. ಮೈಸೂರಲ್ಲಿ ದಸರಾ ಸಮಯಕ್ಕೆ ಕುಪ್ಪಣ್ಣ ಪಾರ್ಕಿನಲ್ಲಿ ಪ್ರದರ್ಶನ ನಡೆಯುತ್ತೆ. ಜಿಲ್ಲೆಗಳಲ್ಲೂ ತೋಟಗಾರಿಕೆ ಇಲಾಖೆ ನಡೆಸುತ್ತೆ. ಅಡುಗೆಗೆ ಕೃಷಿ ಇಲಾಖೆಯ ಸಿರಿಧಾನ್ಯ ಮತ್ತು ಮರೆತುಹೋದ ಖಾದ್ಯಗಳ ಪಾಕಸ್ಪರ್ಧೆ ಬೇರೆ ಇದೆ.

ವಿದೇಶದಲ್ಲಿ ಇಂಥವು ವಸಂತದಲ್ಲೂ ನಡೆಯುತ್ವೆ. ನಮ್ಮಲ್ಲಿ ವಸಂತ ಬರೋ ಹೊತ್ತಿಗೆ ಬಿಸಿಲು ನೆತ್ತಿಗೇರಿರುತ್ತೆ, ಹೂ ಮಧ್ಯಾಹ್ನಕ್ಕೇ ತಲೆ ಬಾಗಿಸುತ್ತೆ. ಕುಂಡದ ಹೂಗಳಿಗೆ ನಮ್ಮ ಕಡೆ ಒಳ್ಳೇ ಕಾಲ ಅಂದ್ರೆ ಡಿಸೆಂಬರ್, ಜನವರಿ.

ಪಾಠ 1: ನಿಯಮ ಪೂರ್ತಿ ಓದಿ, ಅರ್ಥ ಕೇಳಿ

ಸ್ಪರ್ಧೆಯ ಹಾಳೆಯಲ್ಲಿ "ಚೆಂಡು ಹೂ, ಬಿಡಿ ಹೂವು, ಒಂದೇ ಅಳತೆಯವು" ಅಂತಿತ್ತು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಾವು ಬಿಡಿ ಅಂದ್ರೆ ಸಿಂಗಲ್ ಅಂದ್ಕೊಂಡು, ಇದ್ದಿದ್ರಲ್ಲಿ ದೊಡ್ಡದು ಒಂದನ್ನ ಉದ್ದ ಕಾಂಡದ ಸಮೇತ ಬಾಟಲಿಯಲ್ಲಿಟ್ಟು ತಗೊಂಡ್ ಹೋದ್ವಿ. ಪಕ್ಕದವರೆಲ್ಲ ಕಾಂಡ ಇಲ್ಲದ ಹತ್ತು ಹತ್ತು ಹೂವನ್ನ ತಟ್ಟೆಯಲ್ಲಿ ಜೋಡಿಸಿದ್ರು. ಬಿಡಿ ಹೂವು ಅಂದ್ರೆ ಕಟ್ಟದ ಹೂವು, ಮಾರ್ಕೆಟ್ಟಲ್ಲಿ ಕೆಜಿ ಲೆಕ್ಕದಲ್ಲಿ ಮಾರೋದು. "ಒಂದೇ ಅಳತೆಯವು" ಅಂತ ಬಹುವಚನ ಇದ್ದಿದ್ದು ನಮ್ಮ ಆರು ಜನರಲ್ಲಿ ಒಬ್ಬರ ಕಣ್ಣಿಗೂ ಬೀಳಲಿಲ್ಲ. ನಮ್ಮ ಹೂವನ್ನ ಸ್ಪರ್ಧೆಗೇ ತಗೊಳ್ಳಲಿಲ್ಲ. ಅದು ಸರಿಯೇ.

ತೀರ್ಪುಗಾರರು ಮೊದಲು ನೋಡೋದು ಚಂದವನ್ನಲ್ಲ, ನಿಯಮವನ್ನ. ಎಷ್ಟು ಹೂ, ಕಾಂಡ ಇರಬೇಕಾ ಬೇಡ್ವಾ, ಕುಂಡದ ಅಳತೆ ಎಷ್ಟು, ಎಷ್ಟು ಗಂಟೆಯೊಳಗೆ ಇಡಬೇಕು. ಆಮೇಲೆ ಏಕರೂಪತೆ. ಒಂಬತ್ತು ಹೂ ಮಧ್ಯಮ, ಒಂದು ಮಾತ್ರ ಭಾರೀ ದೊಡ್ಡದಾದ್ರೆ ಆ ದೊಡ್ಡದೇ ಅಂಕ ಕಳೆಯುತ್ತೆ.

ಪಾಠ 2: ಹಿಂದಕ್ಕೆ ಎಣಿಸಿ

ಗಿಡ ಇಂಟರ್ನಲ್ಸ್ ಅಲ್ಲ, ಹಿಂದಿನ ರಾತ್ರಿ ಕೂತು ಮುಗಿಸೋಕೆ ಆಗಲ್ಲ. ಚೆಂಡು ಹೂವಿನ ಲೆಕ್ಕ ಹೀಗಿದೆ. ಬೀಜ ಹಾಕಿದ ಮೇಲೆ ಸಸಿ ನಾಟಿಗೆ ಬರೋಕೆ ಸುಮಾರು 28 ದಿನ. ನಾಟಿಯಾದ ಮೇಲೆ ಹೂ ಬರೋಕೆ ಸುಮಾರು 45 ದಿನ. ನಡುವೆ ಕುಡಿ ಚಿವುಟಿದ್ರೆ ಪಕ್ಕದ ಕವಲು ಹೆಚ್ಚು ಬರುತ್ತೆ, ಆದ್ರೆ ಹೂ ತಡವಾಗುತ್ತೆ. ಅದಕ್ಕೆ 12 ದಿನ ಇಟ್ಕೊಳ್ಳಿ. ಒಟ್ಟು 85 ದಿನ. ತೀರ್ಪು ಜನವರಿ 24ಕ್ಕೆ ಅಂದ್ಕೊಂಡ್ರೆ ಬೀಜ ಹಾಕಬೇಕಾದ್ದು ಅಕ್ಟೋಬರ್ 31ಕ್ಕೆ. ನಾವು ಹಾಕಿದ್ದು ನವೆಂಬರ್ 20 ದಾಟಿದ ಮೇಲೆ. ತೀರ್ಪಿನ ದಿನ ನಮ್ಮ ಹತ್ರ ಅರಳಿದ್ದು ಒಂದೇ ಹೂ, ಮಿಕ್ಕಿದ್ದೆಲ್ಲ ಮೊಗ್ಗು.

ತಳಿ, ಚಳಿ, ಮಳೆ ನೋಡಿಕೊಂಡು ಈ ಅಂಕಿಗಳು ಹಿಂದೆ ಮುಂದೆ ಆಗುತ್ವೆ. ಚಾಮರಾಜನಗರ ಕಡೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಮಳೆ ಜೋರು, ಸಸಿ ಕೊಳೆಯಬಹುದು. ಆದ್ದರಿಂದ ಒಂದೇ ದಿನ ಎಲ್ಲಾ ಬೀಜ ಹಾಕಬೇಡಿ. ಅಕ್ಟೋಬರ್ 21, 31, ನವೆಂಬರ್ 10 ಅಂತ ಮೂರು ಕಂತಿನಲ್ಲಿ ಹಾಕಿ. ಒಂದು ಕೈಕೊಟ್ರೂ ಇನ್ನೊಂದು ಇರುತ್ತೆ. ಸರ್ಕ್ಯೂಟ್‌ಗೆ ಬ್ಯಾಕಪ್ ಇಡ್ತೀವಲ್ಲ, ಹಾಗೆ.

ಕುಡಿ ಚಿವುಟಬೇಕಾ ಅನ್ನೋದನ್ನ ನಿಯಮವೇ ಹೇಳುತ್ತೆ. ಒಂದೇ ಅಳತೆಯ ಹತ್ತು ಹೂ ಬೇಕಿದ್ರೆ ಚಿವುಟಿ. ಕಾಂಡದ ಮೇಲೆ ಒಂದೇ ದೊಡ್ಡ ಹೂ ಬೇಕಿದ್ರೆ ಕುಡಿ ಬಿಟ್ಟು, ಪಕ್ಕದ ಮೊಗ್ಗುಗಳನ್ನ ಚಿಕ್ಕದಿದ್ದಾಗಲೇ ತೆಗೀರಿ. ಗಿಡದ ಶಕ್ತಿಯೆಲ್ಲ ನಡುವಿನ ಹೂವಿಗೆ ಹೋಗುತ್ತೆ.

ಪಾಠ 3: ಸೇವಂತಿಗೆಗೆ ಕತ್ತಲೆ ಬೇಕು

ನಮ್ಮ ಸೇವಂತಿಗೆ ಕಥೆ ಇನ್ನೂ ವಿಚಿತ್ರ. ಹಾಸ್ಟೆಲ್ ಕಾರಿಡಾರ್‌ನಲ್ಲಿ ನಾಲ್ಕು ಕುಂಡ ಇಟ್ಟಿದ್ವಿ. ನೀರು, ಗೊಬ್ಬರ ಎಲ್ಲ ಸರಿಯಾಗಿ ಹಾಕಿದ್ವಿ. ಗಿಡ ಹಸಿರಾಗಿ ಮೊಣಕಾಲುದ್ದ ಬಂತು, ಮೊಗ್ಗು ಮಾತ್ರ ಬರಲೇ ಇಲ್ಲ.

ನಮ್ಮ ಗೆಳತಿಯೊಬ್ಬಳ ಮನೆ ಗುಂಡ್ಲುಪೇಟೆ ಹತ್ರದ ಹಳ್ಳಿ. ಅವರದ್ದು ಹೂವಿನ ಬೇಸಾಯ. ಭಾನುವಾರ ಊಟಕ್ಕೆ ಹೋದಾಗ ಅವಳ ಅವ್ವನ ಹತ್ರ ಈ ಕಥೆ ಹೇಳಿದ್ವಿ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿ ರಾತ್ರಿಯೆಲ್ಲ ಲೈಟ್ ಉರೀತಿತ್ತಾ ಕೂಸು?" ಹೌದು, ಕಾರಿಡಾರ್ ಟ್ಯೂಬ್‌ಲೈಟ್ ಬೆಳಗಿನವರೆಗೂ ಉರಿಯುತ್ತೆ. "ಇನ್ನೇನ್ ಮತ್ತ. ಕತ್ಲ ಇಲ್ದೆ ಸ್ಯಾವಂತಿಗ ಹೂ ಬುಟ್ಟದಾ?"

ಆಮೇಲೆ ನಾವು ಓದಿ ನೋಡಿದ್ವಿ. ಸೇವಂತಿಗೆ ಹಗಲು ಚಿಕ್ಕದಾದಾಗ ಹೂ ಬಿಡೋ ಗಿಡ. ಅದು ಅಳೆಯೋದು ನಿಜವಾಗಿ ರಾತ್ರಿಯ ಉದ್ದವನ್ನ. ನಮ್ಮ ಜಿಲ್ಲೆಯಲ್ಲಿ ಜೂನ್‌ನ ಹಗಲಿಗೂ ಡಿಸೆಂಬರ್‌ನ ಹಗಲಿಗೂ ಸುಮಾರು ಒಂದೂವರೆ ಗಂಟೆ ವ್ಯತ್ಯಾಸ, ಗಿಡಕ್ಕೆ ಅಷ್ಟೇ ಗೊತ್ತಾದ್ರೂ ಸಾಕು. ನಡುರಾತ್ರಿಯಲ್ಲಿ ಸ್ವಲ್ಪ ಹೊತ್ತು ಬೆಳಕು ಬಿದ್ರೂ ಅದು ಇನ್ನೂ ಬೇಸಿಗೆ ಅಂದ್ಕೊಂಡು ಎಲೆ ಹಾಕ್ತಾನೇ ಇರುತ್ತೆ. ಚಿಕ್ಕಬಳ್ಳಾಪುರದ ಕಡೆ ರಾತ್ರಿ ಬಸ್ಸಲ್ಲಿ ಹೋಗುವಾಗ ಹೊಲದ ತುಂಬಾ ಬಲ್ಬ್ ಉರಿಯೋದನ್ನ ನೋಡಿರ್ತೀರಿ. ಹೂ ಬೇಗ ಬಂದುಬಿಡಬಾರದು, ಕಾಂಡ ಉದ್ದ ಆಗಲಿ, ಹಬ್ಬದ ಹೊತ್ತಿಗೆ ಕೊಯ್ಲಿಗೆ ಸಿಗಲಿ ಅಂತ ರೈತರು ಬೇಕಂತಲೇ ಹಾಕೋ ಬೆಳಕು ಅದು. ಅವರು ಲೆಕ್ಕ ಹಾಕಿ ಮಾಡೋದನ್ನ ನಾವು ಗೊತ್ತಿಲ್ಲದೆ ಮಾಡಿದ್ವಿ. ಸೇವಂತಿಗೆ ಕುಂಡವನ್ನ ಬೀದಿದೀಪ, ಕಾರಿಡಾರ್ ದೀಪದಿಂದ ದೂರ ಇಡಿ. ಆಗಲ್ಲ ಅಂದ್ರೆ ಸಂಜೆ ಕಪ್ಪು ಬಟ್ಟೆ ಮುಚ್ಚಿ, ಬೆಳಿಗ್ಗೆ ತೆಗೀರಿ.

ಪಾಠ 4: ತಿಂಡಿ ಮೇಜು

ನಾವು ಮಾಡಿದ್ದು ಪೂರ್ತಿ ರಾಗಿಯ ಕೇಕ್. ಕತ್ತರಿಸಿದ ಕೂಡಲೇ ಪುಡಿಪುಡಿ. ಗೋಧಿಯಲ್ಲಿ ಗ್ಲುಟೆನ್ ಇದೆ, ಹಿಟ್ಟನ್ನ ಬಲೆಯ ಹಾಗೆ ಹಿಡಿದು ಗಾಳಿಗುಳ್ಳೆಗಳನ್ನ ಒಳಗೇ ಉಳಿಸುತ್ತೆ. ರಾಗಿಯಲ್ಲಿ ಅದಿಲ್ಲ. ಆಮೇಲೆ ನಮಗೆ ಸರಿಹೋದ ಅಳತೆ: ಜರಡಿ ಹಿಡಿದ ರಾಗಿಹಿಟ್ಟು 100 ಗ್ರಾಂ, ಗೋಧಿಹಿಟ್ಟು 100 ಗ್ರಾಂ, ಬೆಲ್ಲದ ಪುಡಿ 150 ಗ್ರಾಂ, ಮೊಸರು 200 ಗ್ರಾಂ, ಎಣ್ಣೆ 80 ಮಿ.ಲೀ., ಬೇಕಿಂಗ್ ಪೌಡರ್ ಒಂದು ಚಮಚ, ಅಡುಗೆ ಸೋಡಾ ಅರ್ಧ ಚಮಚ. ಮೊಸರಿನ ಹುಳಿ ಸೋಡಾ ಜೊತೆ ಸೇರಿ ಗಾಳಿ ಬಿಡುತ್ತೆ, ಆದ್ದರಿಂದ ಕಲಸಿದ ತಕ್ಷಣ ಒಲೆಗೇರಿಸಿ. ಓವನ್ ಇಲ್ಲದಿದ್ರೆ ದಪ್ಪ ತಳದ ಪಾತ್ರೆಯಲ್ಲಿ ಉಪ್ಪು ಹರಡಿ, ಬಿಸಿ ಮಾಡಿ, ಸ್ಟ್ಯಾಂಡ್ ಮೇಲೆ ಕೇಕ್ ಡಬ್ಬಿ ಇಟ್ಟು ಮುಚ್ಚಿ. ಸಣ್ಣ ಉರಿಯಲ್ಲಿ 40ರಿಂದ 45 ನಿಮಿಷ. ಪೂರ್ತಿ ಆರಿದ ಮೇಲೆ ಕತ್ತರಿಸಿ.

ಸಿರಿಧಾನ್ಯವೇ ಮುಖ್ಯ ಆಗಿರಬೇಕು ಅನ್ನೋ ಸ್ಪರ್ಧೆಗೆ ಈ ಕೇಕ್ ಬೇಡ. ಅಲ್ಲಿಗೆ ನವಣೆ, ಸಾಮೆ, ರಾಗಿಯ ನಮ್ಮದೇ ಅಡುಗೆ ಕಲಿಯಿರಿ. ಅಜ್ಜಿಗೆ ಫೋನ್ ಮಾಡಿದ್ರೆ ಸಾಕು.

ಪಾಠ 5: ಕರಕುಶಲ ಮೇಜು

ನಾವು ಇಟ್ಟಿದ್ದು ಲಂಟಾನ ಕಡ್ಡಿಯ ಬುಟ್ಟಿ. ಅಲಂಕಾರಕ್ಕೆ ಅಂತ ಬ್ರಿಟಿಷರು ತಂದ ಗಿಡ ಇವತ್ತು ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟದ ಕಾಡನ್ನೆಲ್ಲ ಆವರಿಸಿದೆ. ಮಹದೇಶ್ವರ ಬೆಟ್ಟದ ಸೋಲಿಗ ಕುಶಲಕರ್ಮಿಗಳು ಅದೇ ಕಡ್ಡಿಯನ್ನ ಬೇಯಿಸಿ, ಸಿಪ್ಪೆ ಸುಲಿದು, ಬಿಸಿಯಿದ್ದಾಗಲೇ ಬಗ್ಗಿಸಿ ಕುರ್ಚಿ, ಮೇಜು, ಆಳೆತ್ತರದ ಆನೆಗಳನ್ನೂ ಮಾಡ್ತಾರೆ. ನಾವು ಬೇಯಿಸದೆ ಬಗ್ಗಿಸಿದ್ವಿ, ಅರ್ಧ ಕಡ್ಡಿ ಮುರಿದವು. ಇನ್ನೆರಡು ಮಾತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಹೋಗಿ ಕಡ್ಡಿ ಕಡಿಯಬೇಡಿ, ಹೊಲದ ಬೇಲಿಯಲ್ಲೇ ಬೇಕಾದಷ್ಟಿದೆ, ಯಜಮಾನರನ್ನ ಕೇಳಿ ತಗೊಳ್ಳಿ. ಕೊಂಡು ತಂದ ಬುಟ್ಟಿಗೆ ಬಣ್ಣ ಬಳಿದು ನಮ್ಮದು ಅಂತ ಇಡಬೇಡಿ. ಮಾಡಿದವರ ಕೈಗೆ ಮೋಸ ಅದು.

ತೀರ್ಪಿನ ದಿನ ಬೆಳಿಗ್ಗೆ

ಬಿಸಿಲೇರೋ ಮುಂಚೆ ಹೂ ಕೊಯ್ಯಿರಿ. ಕಾಂಡದ ಹೂವಾದ್ರೆ ಓರೆಯಾಗಿ ಕತ್ತರಿಸಿ, ನೀರಲ್ಲಿ ಮುಳುಗೋ ಎಲೆ ತೆಗೆದು, ಶುದ್ಧ ನೀರಲ್ಲಿಡಿ. ಹಣ್ಣಿನ ಪಕ್ಕ ಹೂ ಇಡಬೇಡಿ: ಮಾಗಿದ ಬಾಳೆಹಣ್ಣು ಎಥಿಲೀನ್ ಅನಿಲ ಬಿಡುತ್ತೆ, ಕಾರ್ನೇಷನ್, ಆರ್ಕಿಡ್‌ನಂಥ ಹೂ ಬೇಗ ಬಾಡುತ್ವೆ. ಬಾಳೆಗೆ ಹೆಸರಾದ ಜಿಲ್ಲೆ ನಮ್ಮದು, ಮರೆಯಬೇಡಿ.

ಕೊನೆಯ ಪಾಠ: ಯಾರ ಹೆಸರಲ್ಲಿ ಅರ್ಜಿ?

ಗುಂಡ್ಲುಪೇಟೆಯ ಹೆದ್ದಾರಿ ಪಕ್ಕದ ಚೆಂಡು ಹೂ, ಸೂರ್ಯಕಾಂತಿ ಹೊಲಗಳ ಫೋಟೊ ನೀವೆಲ್ಲ ನೋಡಿದ್ದೀರಿ. ಮಳೆಗಾಲದಲ್ಲಿ ಕೇರಳದಿಂದ ಜನ ಬಂದು ನಿಂತು ಫೋಟೊ ತೆಗೆಸ್ಕೊಳ್ತಾರೆ. ಓಣಂಗೆ ಇಲ್ಲಿಂದ ಹೂ ಹೋಗುತ್ತೆ. ಉಳಿದಿದ್ದು ಬಣ್ಣ ತೆಗೆಯೋ ಕಾರ್ಖಾನೆಗೂ ಹೋಗುತ್ತೆ. ಕೋಳಿ ಮೊಟ್ಟೆಯ ಹಳದಿ ಗಾಢವಾಗಲಿ ಅಂತ ಮೇವಿಗೆ ಸೇರಿಸೋದು ಈ ಹೂವಿನ ಲ್ಯೂಟಿನ್ ಅನ್ನೇ.

ಆ ಭಾನುವಾರ ಗೆಳತಿಯ ಅವ್ವ ನಮ್ಮ ಒಂದು ಹೂವಿನ ಕಥೆ ಕೇಳಿ ನಕ್ಕರು. ಆಮೇಲೆ ಸುಮ್ಮನಾಗಿ ಹೇಳಿದ್ರು: "ನೀವು ಒಂದು ಹೂವ್ಗ ಇಷ್ಟ್ ಕಷ್ಟ ಪಟ್ಟಿದ್ದೀರಿ. ನಾವು ಆ ವರ್ಸ ರೇಟ್ ಇಲ್ದೆ ಕುಯ್ದ ಹೂವ ತಿಪ್ಪಗ ಸುರ್ದೊ." ನಮಗೆ ಉತ್ತರ ತೋಚಲಿಲ್ಲ. ಅವರು ಮಾತಾಡ್ತಾನೇ ಹೊಲದಿಂದ ತಂದ ರಾಶಿಯಿಂದ ಹತ್ತು ಹೂ ಆರಿಸಿ ನೆಲದ ಮೇಲಿಟ್ರು. ಸ್ಕೇಲ್ ಇಟ್ಟು ನೋಡಿದ್ವಿ, ಹೆಚ್ಚುಕಮ್ಮಿ ಎಲ್ಲ ಒಂದೇ ಅಳತೆ. ಮಂಡಿಯಲ್ಲಿ ವ್ಯಾಪಾರಿ ಸಣ್ಣ ಹೂ ತೋರಿಸಿ ರೇಟ್ ಇಳಿಸಬಾರದು ಅಂತ ವರ್ಷಗಟ್ಟಲೆ ಆರಿಸಿದ ಕೈ ಅದು.

ಅವರು ಯಾವತ್ತೂ ಸ್ಪರ್ಧೆಗೆ ಹೋಗಿಲ್ಲ. ಅರ್ಜಿ ಎಲ್ಲಿ ಸಿಗುತ್ತೆ ಅಂತ ಅವರಿಗೆ ಯಾರೂ ಹೇಳಿಲ್ಲ. "ಅವ್ವನ ಹೂ ನೋಡಿ ಯಾರಾದ್ರೂ ನಕ್ರೆ?" ಅಂತ ಗೆಳತಿಗೂ ಹೆದರಿಕೆ. ಬಹುಮಾನ ಬಂದ್ರೆ ಹೂವಿನ ರೇಟ್ ಏರಲ್ಲ, ಅದು ನಮಗೂ ಗೊತ್ತು. ಆದ್ರೆ ಹೂ ಬೆಳೆಯೋ ಊರಲ್ಲಿ ನಡೆಯೋ ಪ್ರದರ್ಶನದ ಮೇಜಿನ ಮೇಲೆ ಬೆಳೆದವರ ಹೆಸರು ಇಲ್ಲದಿದ್ರೆ ಹೇಗೆ?

ಈ ಸಲ ಎರಡು ಅರ್ಜಿ ತುಂಬ್ತಿದ್ದೀವಿ. ಮೊದಲನೆಯದು ಅವರದ್ದು. ನಿಯಮದ ಪ್ರತಿ ಸಾಲನ್ನೂ ಜೋರಾಗಿ ಓದಿ, ಅರ್ಥ ಆಗದ್ದನ್ನ ಅವರನ್ನೇ ಕೇಳಿ ತುಂಬಿದ್ದೀವಿ. ನಿಮ್ಮ ಮನೆಯಲ್ಲೂ ಇಂಥ ಕೈ ಇದ್ದೇ ಇರುತ್ತೆ, ಅವರಿಗೂ ಒಂದು ಅರ್ಜಿ ತನ್ನಿ. ಎರಡನೆಯದು ನಮ್ಮದು. ಬೀಜ ಅಕ್ಟೋಬರ್ 21ಕ್ಕೆ ಹಾಕ್ತೀವಿ, ಕಾರಿಡಾರ್‌ನಲ್ಲಿ ಅಲ್ಲ.