ದನದ ಕ್ಷಯ ಮತ್ತು ಕಾಡುಪ್ರಾಣಿಗಳು

ಕ್ಷಯ ಮನುಷ್ಯರನ್ನು ಮಾತ್ರ ಕಾಡುವ ರೋಗವಲ್ಲ. ಮೈಕೋಬ್ಯಾಕ್ಟೀರಿಯಂ ಬೋವಿಸ್ ಎಂಬ ರೋಗಾಣು ದನಗಳಿಗೂ ಕಾಡುಪ್ರಾಣಿಗಳಿಗೂ ಕ್ಷಯ ತರುತ್ತದೆ. ಹಸಿ ಹಾಲಿನ ಮೂಲಕ ಅದು ನಮಗೂ ತಗಲಬಹುದು.

ಕಾಡುಪ್ರಾಣಿಯಿಂದ ದನಕ್ಕೆ ರೋಗ ದಾಟುವುದು ಹೇಗೆ? ಇಂಗ್ಲೆಂಡಿನ ಉದಾಹರಣೆ ನೋಡಿ. ಅಲ್ಲಿ ಬ್ಯಾಜರ್ ಎಂಬ ಬಿಲವಾಸಿ ಪ್ರಾಣಿ ರಾತ್ರಿ ಎರೆಹುಳು ಹುಡುಕುತ್ತ ಹುಲ್ಲುಗಾವಲಿಗೆ ಬರುತ್ತದೆ. 1971ರಲ್ಲಿ ಗ್ಲಾಸ್ಟರ್‌ಷೈರ್‌ನಲ್ಲಿ ಸತ್ತ ಬ್ಯಾಜರ್ ಒಂದರಲ್ಲಿ ಈ ರೋಗ ಪತ್ತೆಯಾಯಿತು. ಆದರೆ ಬ್ಯಾಜರ್ ದನದ ಹತ್ತಿರ ಸುಳಿಯುವುದೇ ಅಪರೂಪ. ಕೊರಳಿಗೆ ಜಿಪಿಎಸ್ ಪಟ್ಟಿ ಕಟ್ಟಿ ನಡೆಸಿದ, 2016ರಲ್ಲಿ ಪ್ರಕಟವಾದ ಅಧ್ಯಯನ ಇದನ್ನು ತೋರಿಸಿತು. ಹಾಗಾಗಿ ಎಂಜಲು, ಮೂತ್ರ, ಮಲ ತಾಗಿದ ಹುಲ್ಲು, ಮೇವು, ನೀರಿನ ಮೂಲಕ ರೋಗ ದಾಟುವ ಸಂಭವವೇ ಹೆಚ್ಚು. ದನದಿಂದ ಬ್ಯಾಜರಿಗೂ, ದನದಿಂದ ದನಕ್ಕೂ ಅದು ಹರಡುತ್ತದೆ.

ಬ್ಯಾಜರ್‌ಗಳನ್ನು ಕೊಂದರೆ ಸಾಲದೆ? 1998ರಲ್ಲಿ ಆರಂಭವಾದ ದೊಡ್ಡ ಪ್ರಯೋಗದಲ್ಲಿ, ಕೊಂದ ಪ್ರದೇಶದೊಳಗೆ ದನಗಳ ಕ್ಷಯ ಇಳಿದರೂ ಸುತ್ತಲಿನ ಪ್ರದೇಶದಲ್ಲಿ ಏರಿದ್ದು ಕಂಡುಬಂತು. ಗುಂಪು ಚದುರಿ, ಉಳಿದವು ದೂರ ಅಲೆದದ್ದೇ ಇದಕ್ಕೆ ಕಾರಣವೆಂದು ತಜ್ಞರು ವಿವರಿಸಿದರು.

ನೀವು ಮಾಡಬೇಕಾದ್ದು ಸುಲಭ. ಹಾಲನ್ನು ಕುದಿಸಿಯೇ ಕುಡಿಯಿರಿ. ಕುದಿಸಿದರೆ ರೋಗಾಣು ಸಾಯುತ್ತದೆ. ಮಕ್ಕಳಿಗೆ ಕರೆದ ಬಿಸಿಯ ನೊರೆಹಾಲು ಕೊಡಬೇಡಿ. ಕತ್ತಿನಲ್ಲಿ ಗಂಟು, ಎರಡು ವಾರ ಮೀರಿದ ಕೆಮ್ಮು ಇದ್ದರೆ ವೈದ್ಯರಿಗೆ ತೋರಿಸಿ. ಮನೆಯಲ್ಲಿ ದನವಿದ್ದರೆ ಅದನ್ನೂ ಹೇಳಿ.