ಶಕುಂತಲಾ ದೇವಿಯವರ 26 ಅಂಕಿಗಳ ಸಂಖ್ಯೆ

ಬೆಂಗಳೂರಿನಲ್ಲಿ 1929ರಲ್ಲಿ ಹುಟ್ಟಿದ ಶಕುಂತಲಾ ದೇವಿ 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 7686369774870 ಮತ್ತು 2465099745779 ಎಂಬ 13 ಅಂಕಿಗಳ ಎರಡು ಸಂಖ್ಯೆಗಳನ್ನು ಮನಸ್ಸಿನಲ್ಲೇ ಗುಣಿಸಿದರು. ತೆಗೆದುಕೊಂಡದ್ದು 28 ಸೆಕೆಂಡು. ಉತ್ತರ: 18947668177995426462773730. ಪರೀಕ್ಷೆಗೆ ಓದುವವರು ದಿನಾಂಕ, ಸ್ಥಳಗಳನ್ನು ಬಾಯಿಪಾಠ ಮಾಡಿ ಮುಂದೆ ಹೋಗುತ್ತಾರೆ. ಆದರೆ ಭಾಜ್ಯತೆಯ ನಿಯಮಗಳನ್ನು ಕಲಿಯಲು ಈ ಸಂಖ್ಯೆಗಿಂತ ಒಳ್ಳೆಯ ಉದಾಹರಣೆ ನನಗೆ ಕಂಡಿಲ್ಲ.

ಅಂಕಿಗಳನ್ನೆಲ್ಲ ಕೂಡಿದರೆ 138. ಇದು 3ರಿಂದ ಭಾಗವಾಗುತ್ತದೆ, 9ರಿಂದ ಆಗುವುದಿಲ್ಲ. ಮೂಲ ಸಂಖ್ಯೆಗೂ ಅದೇ ಅನ್ವಯ. ಕೊನೆಯ ಅಂಕಿ 0 ಆದ್ದರಿಂದ 2, 5 ಮತ್ತು 10ರಿಂದ ಭಾಗವಾಗುತ್ತದೆ. ಕೊನೆಯ ಎರಡು ಅಂಕಿ 30. ಹಾಗಾಗಿ 4ರಿಂದಲೂ 25ರಿಂದಲೂ ಇಲ್ಲ. 2ರಿಂದ ಭಾಗವಾಗಿ 4ರಿಂದ ಭಾಗವಾಗದ ಸಂಖ್ಯೆ ಪೂರ್ಣವರ್ಗವಾಗಲಾರದು, ಇದನ್ನು ಒಂದೇ ನೋಟಕ್ಕೆ ಹೇಳಬಹುದು.

ಇನ್ನು 11. ಒಂದು ಬಿಟ್ಟು ಒಂದರಂತೆ ಅಂಕಿಗಳನ್ನು ಕೂಡಿ ನೋಡಿ: ಎರಡೂ ಕಡೆ 69! ವ್ಯತ್ಯಾಸ ಸೊನ್ನೆ, ಆದ್ದರಿಂದ 11ರಿಂದ ಶೇಷವಿಲ್ಲದೆ ಭಾಗವಾಗುತ್ತದೆ. ಈ 11 ಬಂದದ್ದು ಎರಡನೆಯ ಗುಣಕದಿಂದ; ಅಲ್ಲಿ ಎರಡೂ ಮೊತ್ತ 37.

ಗುಣಾಕಾರವನ್ನು ತಾಳೆ ನೋಡಬೇಕೇ? ಗುಣಕಗಳ ಅಂಕಿಮೊತ್ತ 78 ಮತ್ತು 74. 9ರಿಂದ ಭಾಗಿಸಿದಾಗ ಶೇಷ 6 ಮತ್ತು 2. ಅವುಗಳ ಗುಣಲಬ್ಧ 12, ಶೇಷ 3. ಉತ್ತರದ 138ಕ್ಕೂ ಶೇಷ 3. ಈ ತಾಳೆ ತಪ್ಪಿದರೆ ಉತ್ತರ ಖಂಡಿತ ತಪ್ಪು. ಹೊಂದಿದ ಮಾತ್ರಕ್ಕೆ ಸರಿ ಎಂದಲ್ಲ, ಅಂಕಿಗಳು ಅದಲುಬದಲಾದರೂ ಮೊತ್ತ ಬದಲಾಗದು.